ಬಿಳಿ ಬಾವುಟದ ನೀಲಿ

ಮೊದಲ ದಿನ ನಮ್ಮ ಫೋಟೋ ಹುಡುಗಿ ಅವನ ಮುಖವನ್ನು ನೋಡಲೇ ಇಲ್ಲ. ಅವಳು ನೋಡಿದ್ದು ಅವನ ಕೈಯಲ್ಲಿದ್ದ ಬಟ್ಟೆಯನ್ನು.

"ರೀ, ಸ್ವಲ್ಪ ಅದನ್ನ ಎತ್ತಿ ಹಿಡ್ಕೊಂಡು ಅಲ್ಲಾಡದೆ ನಿಲ್ತೀರಾ?"

ಅವನು ಲಾಂಗ್ ಜಂಪ್ ತೀರ್ಪುಗಾರ. ಓಡಿ ಬಂದವರು ಹಲಗೆಯ ಗೆರೆ ತುಳಿಯದೆ ಜಿಗಿದರೆ ಬಿಳಿ ಬಾವುಟ ಎತ್ತಬೇಕು, ತುಳಿದರೆ ಕೆಂಪು. ಅಷ್ಟೇ ಕೆಲಸ. ಆದರೆ ಅವನು ಅಲ್ಲಿ ಕೂತಿದ್ದ ಗಾಂಭೀರ್ಯ ನೋಡಿದರೆ, ಸೂರ್ಯ ಕೂಡ ಹುಟ್ಟಲೋ ಬೇಡವೋ ಎಂದು ಅವನನ್ನೇ ಕೇಳಿಕೊಂಡು ಬರಬೇಕು, ಹಾಗಿತ್ತು. ಸ್ಪರ್ಧೆ ಇನ್ನೂ ಶುರುವಾಗಿರಲಿಲ್ಲ. ಅವನು ಗಾಬರಿಯಾದ.

"ಯಾರೂ ಜಿಗಿದೇ ಇಲ್ವಲ್ಲ ಮೇಡಂ. ಸುಮ್‌ಸುಮ್ನೆ ಹೆಂಗೆ ಎತ್ತೋದು?"

"ಜಿಗಿಯೋರು ಯಾಕೆ? ನಂಗೆ ಬೇಕಾಗಿರೋದು ಬಿಳಿ."

"ಬಿಳಿ?"

"ಹ್ಞೂಂ. ಕ್ಯಾಮೆರಾಕ್ಕೆ ತೋರಿಸ್ಬೇಕು."

ಅವನು ಒಮ್ಮೆ ಬಾವುಟ ನೋಡಿದ, ಒಮ್ಮೆ ಕ್ಯಾಮೆರಾ ನೋಡಿದ. ಇವಳಿಗೆ ಬಿಸಿಲು ತಲೆಗೇರಿದೆ ಅಂದುಕೊಂಡಿರಬೇಕು. ಪಾಪ, ಅವನದೇನು ತಪ್ಪು.

ಸಂಗತಿ ಹೀಗೆ. ಮನುಷ್ಯರ ಕಣ್ಣು ಬಹಳ ಜಾಣ. ಬಿಸಿಲಲ್ಲಿ ನೋಡಿದರೂ ನೆರಳಲ್ಲಿ ನೋಡಿದರೂ ಬಿಳಿ ಅಂಗಿಯನ್ನು ಬಿಳಿ ಎಂದೇ ಹೇಳುತ್ತದೆ. ಕ್ಯಾಮೆರಾ ಆ ವಿಷಯದಲ್ಲಿ ಶುದ್ಧ ಪೆದ್ದು. ಇಳಿಬಿಸಿಲು ಕಿತ್ತಳೆ, ಮೋಡದ ಬೆಳಕು ತಣ್ಣಗೆ, ನೆರಳಂತೂ ನೀಲಿ. ಇಂಥ ಬೆಳಕಿನಲ್ಲಿ ಇದು ಬಿಳಿ ಕಣಪ್ಪಾ ಎಂದು ಅದಕ್ಕೆ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಅದಕ್ಕೇ ವೈಟ್ ಬ್ಯಾಲೆನ್ಸ್ ಅನ್ನುವುದು. ‘ಆಟೋ’ಗೆ ಇಟ್ಟುಬಿಟ್ಟರೆ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಅಲ್ಲೇ ಎಡವಟ್ಟು. ಹುಲ್ಲು ಕಂಡರೆ ಒಂದು ಲೆಕ್ಕ, ಕೆಂಪು ಟ್ರ್ಯಾಕ್ ಕಂಡರೆ ಇನ್ನೊಂದು. ಹಿಂದಿನ ವಾರ ಅವಳು ಕಳಿಸಿದ ಫೋಟೋಗಳಲ್ಲಿ ಒಬ್ಬನೇ ಓಟಗಾರ ಹೊರಡುವಾಗ ಗುಲಾಬಿ, ತಿರುವಿನಲ್ಲಿ ಹಸಿರು, ಗೆಲ್ಲುವ ಹೊತ್ತಿಗೆ ಹೆಣದ ಬಣ್ಣಕ್ಕೆ ತಿರುಗಿದ್ದ.

ಪತ್ರಿಕೆಯ ಆಫೀಸಿನಲ್ಲಿ ಫೋಟೋ ಆರಿಸುವ ಡೆಸ್ಕ್ ಅಕ್ಕ ಅವತ್ತು ಫೋನಿನಲ್ಲೇ ಅವಳ ಕಿವಿ ಹಿಂಡಿದ್ದಳು. "ನೀನು ಮೈದಾನದಿಂದ ಕಳಿಸಿದ್ದು ಸೀದಾ ಪೇಜಿಗೆ ಹೋಗುತ್ತೆ ಕಣೇ. ಒಂದೊಂದಕ್ಕೂ ಬಣ್ಣ ತಿದ್ತಾ ಕೂತ್ರೆ ಪೇಪರ್ ಬರೋದು ನಾಡಿದ್ದು. ‘ಡೇಲೈಟ್’ಗೆ ಇಡು, ಮೋಡ ಬಂದ್ರೆ ‘ಕ್ಲೌಡಿ’ಗೆ ಇಡು. ಅದೂ ಸರಿಹೋಗ್ಲಿಲ್ವಾ, ಮೈದಾನದಲ್ಲಿ ಬಿಳೀದೇನಾದ್ರೂ ಹುಡುಕಿ, ಅದನ್ನ ತೋರಿಸಿ ಕೈಯಾರೆ ಸೆಟ್ ಮಾಡ್ಕೋ."

ಇಡೀ ಮೈದಾನದಲ್ಲಿ ಹುಡುಕಿದರೂ ಬಿಳೀದು ಅಂತ ಸಿಕ್ಕಿದ್ದು ಆ ಬಾವುಟ ಒಂದೇ.

ಅವನು ಹಿಡಿದು ನಿಂತ. ಚೌಕಟ್ಟಿನ ತುಂಬ ಬಿಳಿ ತುಂಬಬೇಕಲ್ಲ, ಅವಳು ಹತ್ತಿರ ಬಂದಳು. ಇನ್ನೂ ಹತ್ತಿರ ಬಂದಳು. ಬಿಸಿಲು ಬಾವುಟದ ಹಿಂದಿನಿಂದ ಹಾಯ್ದು, ಅವನ ಬೆರಳುಗಳ ನೆರಳು ಬಟ್ಟೆಯ ಮೇಲೆ ಮೂಡಿತ್ತು. ಅವಳು ಒಂದು ಗಳಿಗೆ ಗುಂಡಿ ಒತ್ತುವುದನ್ನೇ ಮರೆತಳು. ಮರೆತದ್ದು ಗೊತ್ತಾಗಿ ಮುಖ ಬೆಚ್ಚಗಾಯಿತು. ಅದನ್ನು ಮುಚ್ಚಿಕೊಳ್ಳಲು ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಇದು ಬಿಳೀನಾ? ಒಲೆ ಒರೆಸೋ ಮಸಿಬಟ್ಟೆ ಇದಕ್ಕಿಂತ ಬೆಳ್ಳಗಿರುತ್ತೆ."

ಅವನು ನಗಲಿಲ್ಲ. ಬಾವುಟವನ್ನು ಕೆಳಗಿಳಿಸಿ, ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿಕೊಂಡ. ಆಗ ಅವಳು ಅವನ ಮುಖ ನೋಡಿದಳು. ಆಮೇಲೆ ನೋಡುತ್ತಲೇ ಇದ್ದಳು ಅನ್ನಿ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅದೇ ಕೆಲಸ. ಆಕಾಶದಲ್ಲಿ ಹತ್ತಿಯ ಎಳೆಯಷ್ಟು ಮೋಡ ತೇಲಿದರೂ ಸಾಕು, ಬೆಳಕು ಬದಲಾಯಿತು ಎಂದು ಅವಳು ಕ್ಯಾಮೆರಾ ಹೊತ್ತು ಮರಳಿನ ಗುಂಡಿಯ ಕಡೆಗೆ ಓಡುವಳು. ಮೋಡ ಸರಿದರೆ ಮತ್ತೆ ಓಡುವಳು. ಸೂರ್ಯನಿಗೇ ಗೊತ್ತಿಲ್ಲದಷ್ಟು ಸಲ ಬೆಳಕು ಬದಲಾಗುತ್ತಿತ್ತು. ಓಡುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದರೆ ಪದಕವನ್ನೂ ತರುತ್ತಿದ್ದಳೋ ಏನೋ.

"ಮತ್ತೆ ಬದಲಾಯ್ತಾ ಮೇಡಂ?" ಅವನು ಬಾವುಟ ಬಿಚ್ಚುತ್ತ ಕೇಳುತ್ತಿದ್ದ.

"ನೋಡಿ, ಅಲ್ಲೊಂದು ಮೋಡ."

"ಅದು ಹಕ್ಕಿ."

"ಅದರ ಹಿಂದೆ ನೋಡ್ರೀ."

ಅವನು ಕತ್ತೆತ್ತಿ ನೋಡುವನು. ಅವಳು ಅವನ ಗಂಟಲ ಮೇಲೆ ಬಿದ್ದ ಬಿಸಿಲನ್ನು ನೋಡುವಳು. ಆಮೇಲೆ ಅವನು ತಟ್ಟನೆ ಕೆಳಗೆ ನೋಡಿದರೆ, ಅವಳಿಗೆ ಕ್ಯಾಮೆರಾದ ಬೆಲ್ಟು ಸರಿಮಾಡಿಕೊಳ್ಳುವುದೇ ದೊಡ್ಡ ಕೆಲಸ.

ಇಷ್ಟರಲ್ಲಿ ಅವಳಿಗೆ ತಿಳಿದದ್ದು: ಅವನು ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ, ಭಾನುವಾರ ಮಾತ್ರ ತೀರ್ಪುಗಾರ, ಗೆರೆ ಅಂದರೆ ಅವನಿಗೆ ಪ್ರಾಣ. ರಸ್ತೆಯಲ್ಲೂ ಬಿಳಿ ಪಟ್ಟೆ ಇಲ್ಲದ ಕಡೆ ದಾಟುವವನಲ್ಲ. ತಿಳಿಯದೆ ಉಳಿದದ್ದು: ಅವನ ಮನಸ್ಸಿನಲ್ಲಿ ಏನಿದೆ. ಮಾತಿಗೆ ಮೊದಲು ಮೇಡಂ, ಮಾತಿನ ಕೊನೆಗೆ ಮೇಡಂ. ಆ ಮೇಡಂ ಅನ್ನೋ ಗೋಡೆಗೆ ಒಂದು ಕಿಟಕಿಯೂ ಇರಲಿಲ್ಲ.

ಇದರ ನಡುವೆ ಇನ್ನೊಂದು ವಿಚಿತ್ರ ಶುರುವಾಯಿತು. ಫೋಟೋಗಳು ಹಳದಿಯಾಗತೊಡಗಿದವು.

ಮೊದಲಿಗೆ ಡೆಸ್ಕ್ ಅಕ್ಕ, "ಬೆಚ್ಚಗಿದೆ ಕಣೇ, ಚೆನ್ನಾಗಿದೆ" ಅಂದಳು. ಮುಂದಿನ ಭಾನುವಾರ, "ಏನು ಅಷ್ಟೊಂದು ಬಿಸಿಲಿತ್ತಾ?" ಅಂದಳು. ಅದರ ಮುಂದಿನ ಸಲ ಫೋನಿನಲ್ಲಿ ಬರೀ ಉಸಿರು ಕೇಳಿಸಿತು. ಆಮೇಲೆ ಸಿಡಿಲು.

"ಇವರೇನು ಓಟಗಾರರೋ, ಕಾಮಾಲೆ ವಾರ್ಡಿನಿಂದ ತಪ್ಪಿಸ್ಕೊಂಡು ಓಡಿ ಬಂದೋರೋ? ಓದುಗರು ಫೋನ್ ಮಾಡಿ ಆ ಹುಡುಗನನ್ನ ಡಾಕ್ಟರಿಗೆ ತೋರಿಸಿ ಅಂತಿದಾರೆ!"

"ಅಕ್ಕ, ನಾನು ಸರಿಯಾಗೇ ಸೆಟ್ ಮಾಡಿದೀನಿ. ಬಿಳಿ ತೋರಿಸೇ ಮಾಡಿದೀನಿ."

"ಯಾವ ಬಿಳಿನೋ ಯಾರಪ್ಪನ ಬಿಳಿನೋ. ಕೇಳಿಲ್ಲಿ. ಫೈನಲ್ ಫೋಟೋ ಯಾರು ತೆಗೀತಾರೋ ಮುಂದಿನ ಸೀಸನ್ ಅವರದ್ದು. ಇದು ಸರಿಹೋಗ್ಲಿಲ್ಲ ಅಂದ್ರೆ ಫೈನಲ್‌ಗೆ ನಮ್ಮ ಇನ್ನೊಬ್ಬ ಫೋಟೋಗ್ರಾಫರ್ ಇದಾನಲ್ಲ, ಆ ಉದ್ದ ಲೆನ್ಸಿನವನನ್ನ ಕಳಿಸ್ತೀನಿ. ಆಮೇಲೆ ನನ್ನ ಮುಂದೆ ಅಳ್ಬೇಡ."

ಅವಳು ಅಳಲಿಲ್ಲ. ಅವಳದು ಅಳುವ ಜಾತಿಯೇ ಅಲ್ಲ, ಕೆದಕುವ ಜಾತಿ. ಇದ್ಯಾಕೆ ಹಿಂಗೆ ಎಂಬ ಹುಳ ತಲೆಗೆ ಹೊಕ್ಕರೆ ಅನ್ನ ನೀರು ಇಳಿಯುತ್ತಿರಲಿಲ್ಲ. ಲೆನ್ಸ್ ಒರೆಸಿದಳು. ಗೆಳತಿಯ ಕ್ಯಾಮೆರಾ ತಂದು ನೋಡಿದಳು. ಮನೆಯ ಬಿಳೀದೆಲ್ಲವನ್ನೂ ಕಿಟಕಿಯ ಪಕ್ಕ ಜೋಡಿಸಿದಳು: ದಿಂಬಿನ ಕವರು, ಹಾಲಿನ ಬಟ್ಟಲು, ಸಕ್ಕರೆ, ಕಾಗದ, ಮೊಟ್ಟೆ. ಒಂದೊಂದನ್ನೇ ಕ್ಯಾಮೆರಾಕ್ಕೆ ಬಿಳಿ ಎಂದು ತೋರಿಸಿ, ತನ್ನದೇ ಅಂಗೈಯ ಫೋಟೋ ತೆಗೆದಳು. ಅಬ್ಬಾ! ಹಾಲಿನ ಲೆಕ್ಕದಲ್ಲಿ ಅಂಗೈ ತುಸು ನೀಲಿ, ಕಾಗದದ ಲೆಕ್ಕದಲ್ಲಿ ಹಳದಿ, ಮೊಟ್ಟೆಯ ಲೆಕ್ಕದಲ್ಲಿ ಹೆಪ್ಪುಗಟ್ಟಿದವಳ ಕೈ. ಬಿಳಿ ಅನ್ನುವುದು ಒಂದೇ ಅಂದುಕೊಂಡು ಇಷ್ಟು ವರ್ಷ ಬದುಕಿದ್ದಳಲ್ಲ! ಅವಳಿಗೆ ಸಿಟ್ಟು ಹೋಗಿ ಮೋಜು ಹತ್ತಿತು. ಮೊಟ್ಟೆಗೆ ಯಾವ ಬಣ್ಣವಿದೆಯೋ ಅದೇ ಕ್ಯಾಮೆರಾದ ಕಣ್ಣಿಗೆ ಬಿಳಿ. ಮೊಟ್ಟೆಯ ನಸುಗೆಂಪನ್ನು ಕಳೆಯಲು ಹೋಗಿ ಅದು ಉಳಿದ ಲೋಕಕ್ಕೆಲ್ಲ ನೀಲಿ ಬಳಿಯುತ್ತದೆ.

ಹಾಗಾದರೆ ಲೋಕಕ್ಕೆಲ್ಲ ಹಳದಿ ಬಳಿಯಬೇಕಾದರೆ?

ಅವಳು ಆ ಭಾನುವಾರದ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ಹರಡಿ ಕೂತಳು. ಮರಳು ಹಳದಿ, ಆಟಗಾರರು ಹಳದಿ, ಅವನ ಹಲ್ಲು ಕೂಡ ಹಳದಿ. ಅವನ ಕೈಯಲ್ಲಿದ್ದ ಬಾವುಟ ಮಾತ್ರ ಮಲ್ಲಿಗೆಯಂತೆ ಬೆಳ್ಳಗೆ. ಇಡೀ ಮೈದಾನದಲ್ಲಿ ಕಾಮಾಲೆ ತಗುಲದೆ ಉಳಿದದ್ದು ಅದೊಂದೇ.

"ಕಳ್ಳ ಸಿಕ್ಕಿದ" ಎಂದು ಅವಳು ಎದ್ದಳು.

ಕನ್ನಡಕದ ಅಂಗಡಿಗೆ ಅವತ್ತು ರಜ. ಮನೆ ಅಂಗಡಿಯ ಮೇಲೆಯೇ ಎಂದು ಪಕ್ಕದವರು ಹೇಳಿದರು. ಮೆಟ್ಟಿಲು ಹತ್ತಿ ಹೋದರೆ ತಾರಸಿ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅವನ ಚಿಕ್ಕಮ್ಮ, ಅವನನ್ನು ಸಾಕಿದವಳು. ತಲೆ ತುಂಬ ಬಿಳಿ ಕೂದಲು, ಬಾಯಿ ತುಂಬ ಬಟ್ಟೆ ಕ್ಲಿಪ್ಪು.

"ಕನ್ನಡಕಾನಾ? ಇವತ್ತು ಅಂಗಡಿ ಇಲ್ಲ ತಾಯಿ."

"ಕನ್ನಡಕ ಬೇಡ ಅಮ್ಮ. ನಾನು... ಬಾವುಟ ನೋಡೋಕೆ ಬಂದೆ."

ಚಿಕ್ಕಮ್ಮ ಬಾಯಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಓಹೋಹೋ. ಮಸಿಬಟ್ಟೆ ಅಂದೋಳು ನೀನೇನಾ?"

"ಅಯ್ಯೋ, ಅದು ತಮಾಷೆಗೆ..."

"ನಿನ್ನ ತಮಾಷೆಗೆ ಬೆಂಕಿ ಬೀಳ! ಅವತ್ತಿಂದ ಈ ಮನೇಲಿ ಬಟ್ಟೆಗೆ ಹಾಕೋ ನೀಲಿ ಉಳೀತಿಲ್ಲ. ಎರಡು ಹನಿ ಹಾಕೋ ಅಂದ್ರೆ ಅರ್ಧ ಬಾಟಲಿ ಬಗ್ಗಿಸ್ತಾನೆ. ಹೋದ ವಾರಕ್ಕಿಂತ ಈ ವಾರ ಇನ್ನೂ ಬೆಳ್ಳಗಾಗ್ಬೇಕಂತೆ. ನೋಡಿಲ್ಲಿ ನನ್ನ ಬೆಡ್‌ಶೀಟು, ಸಮುದ್ರದಲ್ಲಿ ಮಲಗಿದಂಗೆ ಆಗುತ್ತೆ. ಬೆಕ್ಕು ಬಕೆಟ್ಟಿಗೆ ಬಿದ್ದು ವಾರವೆಲ್ಲ ನೀಲಿಯಾಗಿ ಓಡಾಡ್ತು. ಬೀದಿ ನಾಯಿಗಳು ಅದನ್ನ ನೋಡಿ ಹೆದರಿ ಊರೇ ಬಿಟ್ವು."

ಬಾವುಟ ಹಗ್ಗದ ತುದಿಯಲ್ಲಿ ಒಂಟಿಯಾಗಿ ತೂಗುತ್ತಿತ್ತು. ಹಾಗೇ ನೋಡಿದರೆ ಕಣ್ಣು ಕುಕ್ಕುವ ಬಿಳಿ. ಅವಳಿಗೆ ಅಷ್ಟು ಸಾಲದು.

"ಅಮ್ಮ, ಒಂದು ನಿಮಿಷ ಅಲ್ಲಾಡ್ಬೇಡಿ" ಎಂದು ಬಾವುಟದ ಅಂಚನ್ನು ಎಳೆದು ಚಿಕ್ಕಮ್ಮನ ತಲೆಯ ಪಕ್ಕ ಹಿಡಿದಳು. ಕೂದಲ ಬಿಳಿಯ ಪಕ್ಕದಲ್ಲಿ ಬಾವುಟ ತಿಳಿ ಆಕಾಶದ ತುಂಡಾಯಿತು.

"ಏನು, ನನ್ನ ತಲೆಗೂ ನೀಲಿ ಹಾಕ್ಬೇಕಾ?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಬಚ್ಚಲಿನಿಂದ ಅವನು ಹೊರಗೆ ಬಂದ. ಮೊಣಕೈವರೆಗೂ ನೀಲಿ. ಅವಳನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟ. ಬಚ್ಚಿಟ್ಟಾಗ ಅಂಗಿಯ ಹಿಂಭಾಗವೂ ನೀಲಿಯಾಯಿತು.

"ಮೇಡಂ... ನೀವು ಇಲ್ಲಿ?"

"ನಿಮ್ಮ ಬಾವುಟದಿಂದ ಊರಿಗೆಲ್ಲ ಕಾಮಾಲೆ ಬಂದಿದೆ ಕಣ್ರೀ!" ಅವಳು ನಗುನಗುತ್ತಲೇ ಎಲ್ಲ ಹೇಳಿದಳು. ಬಾವುಟದ ನೀಲಿಯನ್ನು ಬಿಳಿ ಎಂದು ನಂಬಿ ಕ್ಯಾಮೆರಾ ಹೇಗೆ ಎಲ್ಲರ ಮೇಲೂ ಹಳದಿ ಸುರಿಯಿತು, ಡೆಸ್ಕ್ ಅಕ್ಕ ಹೇಗೆ ಕೂಗಾಡಿದಳು, ಫೈನಲ್ ಹೇಗೆ ಕೈತಪ್ಪುವುದರಲ್ಲಿತ್ತು, ಎಲ್ಲ.

ಅವಳು ಅವನೂ ನಗುತ್ತಾನೆ ಅಂದುಕೊಂಡಿದ್ದಳು. ಅವನ ಮುಖ ಸಣ್ಣದಾಯಿತು.

"ನನ್ನಿಂದ ನಿಮ್ಮ ಕೆಲಸ ಹೋಗ್ತಿತ್ತಾ?"

"ಹೋಗಿಲ್ವಲ್ಲ..."

"ನಾನು ಗೆರೆ ನೋಡಿ ತೀರ್ಪು ಕೊಡೋನು ಮೇಡಂ. ನನ್ನ ಕೈಯಲ್ಲಿರೋ ಬಾವುಟಾನೇ ಸುಳ್ಳು ಹೇಳ್ತು ಅಂದ್ರೆ..." ಅವನು ಬೆನ್ನ ಹಿಂದಿನ ನೀಲಿ ಕೈಗಳನ್ನು ಮುಂದಕ್ಕೆ ತಂದು ನೋಡಿಕೊಂಡ. "ಇನ್ಮೇಲೆ ನೀವು ಬೇರೇನಾದ್ರೂ ನೋಡ್ಕೊಳ್ಳಿ. ನಾನು ನಿಮ್ಮ ದಾರಿಗೆ ಬರಲ್ಲ."

ಬಾವುಟವನ್ನು ಹಗ್ಗದಿಂದ ಎಳೆದುಕೊಂಡು ಒಳಗೆ ಹೋದ. ಅವಳ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆಯಿತ್ತು. ಅದನ್ನು ಕೇಳಲು ಬಾಯಿ ತೆರೆದಾಗ ಎದುರಿಗೆ ಬರೀ ಬಾಗಿಲಿತ್ತು.

"ಹೋಗು ತಾಯಿ" ಎಂದಳು ಚಿಕ್ಕಮ್ಮ, ಈಗ ಮೆತ್ತಗೆ. "ಅವನಿಗೆ ನೋವಾದ್ರೆ ಹಂಗೇ, ಚಿಪ್ಪಿನೊಳಗೆ ಸೇರ್ಕೊಂಡುಬಿಡ್ತಾನೆ. ಕರೆದ್ರೂ ಬರಲ್ಲ. ಸರಿಯಾಗಿ ಕರೆದ್ರೆ ಬರ್ತಾನೋ ಏನೋ, ನನಗೆ ಇನ್ನೂ ಆ ವಿದ್ಯೆ ಬಂದಿಲ್ಲ."

ಡೆಸ್ಕ್ ಅಕ್ಕ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬೀರುವಿನಿಂದ ಅಂಗೈಯಗಲದ ಒಂದು ಬೂದು ಬಣ್ಣದ ಕಾರ್ಡ್ ತೆಗೆದು ಕೊಟ್ಟಳು.

"ಇದಕ್ಕೆ ನೀಲಿಯೂ ಇಲ್ಲ, ಹಳದಿಯೂ ಇಲ್ಲ. ಯಾರ ಕಡೆಗೂ ವಾಲಲ್ಲ. ಯಾರ ಮೇಲೂ ಪ್ರೀತಿ ಇಲ್ಲ ಇದಕ್ಕೆ, ಅದಕ್ಕೇ ಬಣ್ಣ ಸರಿಯಾಗಿ ಹೇಳುತ್ತೆ. ಆಟ ನಡೆಯೋ ಬೆಳಕಲ್ಲೇ ಇದನ್ನಿಟ್ಟು ಅಳೆದುಕೋ. ಫೈನಲ್‌ಗೆ ನೀನೇ ಹೋಗು. ಆದ್ರೆ ಮೊದಲ ಫೋಟೋಗಳು ಕೆಟ್ಟು ಬಂದ್ವೋ, ಉದ್ದ ಲೆನ್ಸಿನವನು ಗೇಟಲ್ಲೇ ಕಾಯ್ತಿರ್ತಾನೆ."

ಫೈನಲ್ ದಿನ ಸಂಜೆ ಅವಳು ಮರಳಿನ ಗುಂಡಿಯ ಹತ್ತಿರ ಬಂದರೆ ಅಲ್ಲಿ ಬಾವುಟ ಹಿಡಿದು ಕೂತಿದ್ದವನು ಬೇರೆ ಯಾರೋ, ದಪ್ಪ ಮೀಸೆಯ ಒಬ್ಬ ಹಿರಿಯ. ವಿಚಾರಿಸಿದರೆ, ಬಾವುಟದವನು ತಾನೇ ಕೇಳಿಕೊಂಡು ಶಾಟ್‌ಪುಟ್ ಕಡೆಗೆ ಹಾಕಿಸಿಕೊಂಡಿದ್ದನಂತೆ. ಅದು ಮೈದಾನದ ಆ ಮೂಲೆ. ಇಲ್ಲಿಂದ ನೋಡಿದರೆ ಅವನು ಸಾಸಿವೆ ಕಾಳು. ಆದರೂ ಅವಳಿಗೆ ಗುರುತು ಸಿಕ್ಕಿತು. ಅಷ್ಟು ನೆಟ್ಟಗೆ ನಿಲ್ಲುವವರು ಇನ್ನಾರಿದ್ದಾರೆ.

ಸ್ಟ್ಯಾಂಡಿನ ನೆರಳು ಮರಳಿನ ಗುಂಡಿಯನ್ನು ಪೂರ್ತಿ ನುಂಗಿತ್ತು. ಆ ಮೂಲೆಯಲ್ಲಿ ಇನ್ನೂ ಬಂಗಾರದ ಬಿಸಿಲು. ಕಾರ್ಡನ್ನು ಇಲ್ಲೇ, ಈ ನೆರಳಲ್ಲೇ ಹಿಡಿದು ಅಳೆಯಬೇಕು. ಮರಳಿನ ಮೇಲೆ ಇಟ್ಟಿದ್ದರೂ ನಡೆಯುತ್ತಿತ್ತು. ಬೆಂಚಿಗೆ ಒರಗಿಸಿದ್ದರೂ ನಡೆಯುತ್ತಿತ್ತು. ಮೀಸೆಯವರಂತೂ, "ಕೊಡಮ್ಮ, ನಾನು ಹಿಡ್ಕೋತೀನಿ" ಎಂದು ಕೈಯನ್ನೇ ಚಾಚಿದರು.

"ಬೇಡ ಸರ್, ಒಂದು ನಿಮಿಷ" ಎಂದು ಅವಳು ಮೈದಾನದ ನಟ್ಟನಡುವೆ ಹೊರಟಳು.

ಅವನು ಅಳತೆ ಟೇಪಿನ ತುದಿ ಹಿಡಿದು ನಿಂತಿದ್ದ. ಕೈ ತಿಕ್ಕಿ ತಿಕ್ಕಿ ತೊಳೆದಿದ್ದ, ಉಗುರಿನ ಸಂದಿಯಲ್ಲಿ ಮಾತ್ರ ಇನ್ನೂ ನೀಲಿ.

"ಕಾರ್ಡ್ ಹಿಡೀಬೇಕಿತ್ತು" ಎಂದಳು.

ಅವನು ಕಾರ್ಡನ್ನು ನೋಡಿದ, ಅವಳನ್ನು ನೋಡಲಿಲ್ಲ. "ಕೊಡಿ. ಇಲ್ಲೇ ಹಿಡೀತೀನಿ."

"ಇಲ್ಲಿ ಬಿಸಿಲು. ಅಲ್ಲಿ ನೆರಳು. ಇಲ್ಲಿ ಅಳೆದು ಅಲ್ಲಿ ತೆಗೆದ್ರೆ ಈ ಸಲ ಎಲ್ಲರೂ ನೀಲಿ ಬರ್ತಾರೆ, ನಿಮ್ಮ ಬೆಕ್ಕಿನ ಥರ."

"ಮತ್ತೆ?"

"ನೀವೇ ಅಲ್ಲಿಗೆ ಬರ್ಬೇಕು."

"ಅಲ್ಲಿ ಹಿಡಿಯೋಕೆ ಯಾರೂ ಇಲ್ವಾ ಮೇಡಂ?"

"ಇದ್ದಾರೆ." ಅವಳು ಕಾರ್ಡನ್ನು ಅವನ ಕಡೆಗೆ ಚಾಚಿದಳು. "ಅವ್ರು ಬೇಡ ನಂಗೆ."

ಟೇಪಿನ ತುದಿ ಅವನ ಕೈಯಿಂದ ಜಾರಿ ಸರ್ರೆಂದು ಡಬ್ಬಿಯೊಳಗೆ ಸೇರಿಕೊಂಡಿತು. ಪಕ್ಕದವರಿಗೆ ಏನೋ ಹೇಳಿದ, ಏನು ಹೇಳಿದನೋ ಅವನಿಗೂ ನೆನಪಿರಲಿಕ್ಕಿಲ್ಲ. ಆಮೇಲೆ, ರಸ್ತೆಯ ಪಟ್ಟೆ ಬಿಟ್ಟು ಹೆಜ್ಜೆ ಇಡದ ಆ ಮಹಾನುಭಾವ, ಓಟದ ಗೆರೆಗಳನ್ನೆಲ್ಲ ಒಂದೊಂದಾಗಿ ತುಳಿಯುತ್ತ, ಇಡೀ ಸ್ಟ್ಯಾಂಡಿನ ಕಣ್ಣ ಮುಂದೆ ಅವಳ ಪಕ್ಕದಲ್ಲಿ ನಡೆದ. ಮೈಕಿನವನು ಸುಮ್ಮನಿರುತ್ತಾನೆಯೇ?

"ಮೈದಾನದ ಮಧ್ಯದಲ್ಲಿ ವಾಕಿಂಗ್ ಹೋಗ್ತಾ ಇರೋ ಇಬ್ಬರು ದಯವಿಟ್ಟು ಬೇಗ ದಾಟಿಕೊಳ್ಳಿ!"

ಸ್ಟ್ಯಾಂಡಿನಲ್ಲಿ ಶಿಳ್ಳೆ ಬಿತ್ತು. ಅವನು ತಲೆ ತಗ್ಗಿಸಿದ. ಆದರೆ ಹೆಜ್ಜೆ ಬೇಗ ಹಾಕಲಿಲ್ಲ, ಅದನ್ನು ಅವಳು ಗಮನಿಸಿದಳು.

ನೆರಳಿಗೆ ಬಂದು ಮರಳಿನ ಅಂಚಿನಲ್ಲಿ ಅವನು ಕಾರ್ಡನ್ನು ಎದೆಯ ಎತ್ತರಕ್ಕೆ ಹಿಡಿದ. ಅವಳು ಕಣ್ಣಿಗೆ ಕ್ಯಾಮೆರಾ ಹಚ್ಚಿ ಹತ್ತಿರ ಬಂದಳು. ಬೂದು ಬಣ್ಣ ಒಳಗೆ ಗಡಗಡ ಅಲುಗುತ್ತಿತ್ತು.

"ಕೈ ನಡುಗ್ತಿದೆ. ನಿಮ್ಮ ಫೋಟೋ ಹಾಳಾಗುತ್ತೆ" ಎಂದ. ಮೇಡಂ ಅನ್ನಲು ಮರೆತಿದ್ದ.

"ನಡುಗಲಿ ಬಿಡಿ. ಬಣ್ಣ ಅಳೆಯೋಕೆ ಅಷ್ಟು ಸಾಕು." ಅವಳು ಕ್ಯಾಮೆರಾ ಕೆಳಗಿಳಿಸದೆಯೇ ಕೇಳಿದಳು, ಇಳಿಸಿದ್ದರೆ ಕೇಳಲು ಧೈರ್ಯ ಬರುತ್ತಿರಲಿಲ್ಲ. "ಒಂದು ಮಾತು ಕೇಳ್ಲಾ? ಸೀಸನ್ ಪೂರ್ತಿ ಆ ಬಾವುಟಾನ ಯಾಕೆ ಅಷ್ಟು ಒಗೀತಿದ್ರಿ? ನಾನು ಮಸಿಬಟ್ಟೆ ಅಂದಿದ್ದಕ್ಕೆ ಸಿಟ್ಟಾ?"

"ಸಿಟ್ಟಾ?" ಅವನು ಕಾರ್ಡಿನ ಹಿಂದೆಯೇ ಮಾತಾಡಿದ. "ಅದು ಬೆಳ್ಳಗಿಲ್ಲ ಅಂದ್ರೆ ನೀವು ಬೇರೆ ಬಿಳಿ ಹುಡುಕ್ಕೊಂಡು ಹೋಗ್ತೀರಿ ಅಂತ ಭಯ."

ಮೈಕಿನವನು ಏನೇನೋ ಕೂಗುತ್ತಿದ್ದ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ.

"ಅಯ್ಯೋ ಪೆದ್ದಪ್ಪ" ಎಂದಳು, ದನಿ ಎಲ್ಲಿಂದಲೋ ಬಂತು. "ನೀವು ಕೆಂಪು ಬಾವುಟ ಹಿಡ್ಕೊಂಡು ಕೂತಿದ್ರೂ ಬರ್ತಿದ್ದೆ. ಫೋಟೋ ಎಲ್ಲಾ ಹಾಳಾದ್ರೂ ಸರಿ ಅಂತ ಬರ್ತಿದ್ದೆ."

ಆಗ ಅವನು ಕಾರ್ಡಿನ ಮೇಲಿನಿಂದ ಅವಳನ್ನು ನೋಡಿದ. ಎದುರಿಗೆ ನೇರವಾಗಿ, ರೆಪ್ಪೆ ಬಡಿಯದೆ, ಹಲಗೆಯ ಗೆರೆಯನ್ನು ನೋಡುವಂತೆ. ಅವಳ ಬೆರಳು ತಾನಾಗಿ ಗುಂಡಿ ಒತ್ತಿತು.

"ಏನಪ್ಪಾ, ನಾವು ಜಿಗಿಸ್ಬಹುದೋ?" ಎಂದು ಮೀಸೆಯವರು ಕೆಮ್ಮಿದರು.

ಜಿಗಿದರು. ಅವಳು ತೆಗೆದಳು, ಬರೀ ತೆಗೆಯುವುದೇನು, ಗಾಳಿಯಲ್ಲಿ ಹಾರುತ್ತಿದ್ದವರನ್ನು ಗಾಳಿಯಲ್ಲೇ ನಿಲ್ಲಿಸಿಟ್ಟಳು. ಮೊದಲ ಸುತ್ತು ಮುಗಿಯುತ್ತಿದ್ದಂತೆ ಫೋಟೋಗಳನ್ನು ಆಫೀಸಿಗೆ ಕಳಿಸಿ, ಫೋನು ಹಿಡಿದು ನಿಂತಳು. ಅವನು ಶಾಟ್‌ಪುಟ್ ಕಡೆಗೆ ಇನ್ನೂ ಹೋಗಿರಲಿಲ್ಲ. ಹೋಗಬೇಕೆಂಬುದೇ ಅವನಿಗೆ ಮರೆತಿತ್ತು.

ಫೋನ್ ಬಂತು.

"ಸರಿಯಾಗಿದೆ ಕಣೇ!" ಡೆಸ್ಕ್ ಅಕ್ಕನ ದನಿ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ದೊಡ್ಡದು. "ಮರಳು ಮರಳಿನ ಥರ ಇದೆ, ಮನುಷ್ಯರು ಮನುಷ್ಯರ ಥರ ಇದ್ದಾರೆ. ಆ ಉದ್ದ ಲೆನ್ಸಿನವನಿಗೆ ಮನೆಗೆ ಹೋಗು ಅಂತ ಹೇಳ್ದೆ. ಮುಂದಿನ ಸೀಸನ್ ನಿಂದು."

"ಥ್ಯಾಂಕ್ಸ್ ಅಕ್ಕ."

"ಒಂದು ಮಾತ್ರ ಅರ್ಥ ಆಗ್ಲಿಲ್ಲ. ಎಲ್ಲದರ ಜೊತೆ ಕಾರ್ಡಿಂದೂ ಕಳಿಸಿದೀಯ. ಅದರ ಮೇಲಿಂದ ಒಂದು ಮುಖ ಇಣುಕ್ತಾ ಇದೆಯಲ್ಲ, ಅದು ಯಾಕೆ ಅಷ್ಟು ಕೆಂಪಗಿದೆ? ಸ್ವಲ್ಪ ಕಮ್ಮಿ ಮಾಡ್ಲಾ?"

ಅವಳು ತಿರುಗಿ ನೋಡಿದಳು. ಅವನಿಗೆ ಅಕ್ಕನ ಮಾತು ಪೂರ್ತಿ ಕೇಳಿಸಿತ್ತು. ಕಿವಿಯ ತುದಿಯವರೆಗೂ ಅದೇ ಬಣ್ಣ, ಫೋಟೋದಲ್ಲಿದ್ದದ್ದಕ್ಕಿಂತ ಒಂದು ಕೈ ಮೇಲೆ.

"ಬೇಡ ಅಕ್ಕ" ಎಂದಳು, ಅವನ ಮೇಲಿಂದ ಕಣ್ಣು ತೆಗೆಯದೆ. "ಅದನ್ನ ಮುಟ್ಬೇಡಿ. ಅವ್ರು ಇರೋ ಬಣ್ಣಾನೇ ಅದು."